ಈಗಿನ ಹಾಡನ್ನು ಶಾಲೆಯ ತಂಡಕ್ಕೆ ಹೊಂದಿಸುವುದು ಹೇಗೆ?

ಪ್ರಶ್ನೆ: ಮಾಸ್ಟ್ರೇ, ನಮಸ್ಕಾರ. ನಾನು ಕಾಸರಗೋಡು ಜಿಲ್ಲೆಯ ಮುಳ್ಳೇರಿಯ ಹತ್ತಿರದ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಟೀಚರ್. ಕಲಿಸುವುದು ಸಮಾಜ ವಿಜ್ಞಾನ, ಹಾರ್ಮೋನಿಯಂ ಸ್ವಲ್ಪ ಬರುತ್ತದೆ. ಈ ವರ್ಷ ಏಳರಿಂದ ಒಂಬತ್ತನೇ ಕ್ಲಾಸಿನ 28 ಮಕ್ಕಳ ಒಂದು ಗಾಯನ ತಂಡ ಮಾಡಿದ್ದೇವೆ. ಮಕ್ಕಳಿಗೆ ಈಗಿನ ಹಾಡುಗಳೇ ಬೇಕು. ಕರೋಕೆ ಟ್ರ್ಯಾಕ್ ಹಾಕಿ ಒಂದು ಸಿನಿಮಾ ಹಾಡು ಹಾಡಿಸಿದೆ. ಪಲ್ಲವಿಯಲ್ಲಿ ಕಿರುಚುತ್ತಾರೆ, ಚರಣದಲ್ಲಿ ದನಿಯೇ ಕೇಳುವುದಿಲ್ಲ. ಎರಡು ಗುಂಪಿಗೆ ಬೇರೆ ಬೇರೆ ಸ್ವರ ಕೊಟ್ಟು ಎರಡು ದನಿ ಮಾಡಲು ಹೋದೆ, ಎರಡು ಸಾಲು ಮುಗಿಯುವಷ್ಟರಲ್ಲಿ ಎಲ್ಲರೂ ಒಂದೇ ದನಿಗೆ ಬಂದುಬಿಟ್ಟರು. ಒಂಬತ್ತನೇ ಕ್ಲಾಸಿನ ನಾಲ್ಕು ಹುಡುಗರ ದನಿ ಒಡೆದಿದೆ, ಅವರನ್ನು ಬಿಟ್ಟುಬಿಡಿ ಎಂದು ಕೆಲವರು ಹೇಳುತ್ತಾರೆ. ಹಾಡನ್ನು ಹೇಗೆ ಹೊಂದಿಸಲಿ? ಹೀಗೆ ಬದಲಾಯಿಸಿ ಹಾಡಲು ಯಾರದಾದರೂ ಅನುಮತಿ ಬೇಕಾ?

ಉತ್ತರ: ಟೀಚರೇ, ಮೊದಲು ಆ ನಾಲ್ಕು ಹುಡುಗರ ವಿಷಯ. ದಯವಿಟ್ಟು ಅವರನ್ನು ಬಿಡಬೇಡಿ. ನಿಮ್ಮ ತಂಡಕ್ಕೆ ಈಗ ಬೇಕಾದ ದನಿ ಅವರ ಹತ್ತಿರವೇ ಇದೆ.

ನಾನು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಒಬ್ಬರು ಮಾಸ್ಟ್ರು ನನ್ನನ್ನು ಹಿಂದಿನ ಸಾಲಿಗೆ ಕಳಿಸಿ, “ನೀನು ಸುಮ್ನೆ ಬಾಯಿ ಆಡಿಸು, ದನಿ ತೆಗೆಯಬೇಡ” ಎಂದಿದ್ದರು. ಅವರ ಮನಸ್ಸು ಕೆಟ್ಟದ್ದಲ್ಲ. ತಂಡಕ್ಕೆ ಬಹುಮಾನ ಬರಬೇಕಿತ್ತು, ಅಷ್ಟೇ. ಆದರೆ ಆಮೇಲೆ ಎಷ್ಟೋ ವರ್ಷ ನಾನು ಮನೆಯಲ್ಲೂ ಗುನುಗಲಿಲ್ಲ. ಈಗ ಇಪ್ಪತ್ತು ವರ್ಷಗಳಿಂದ ಬದಿಯಡ್ಕ, ಪೆರ್ಲ, ಕುಂಬಳೆ ಕಡೆಯ ಶಾಲೆಗಳಲ್ಲಿ ಹಾಡಿಸುತ್ತಿದ್ದೇನೆ. ಆ ಮಾತನ್ನು ಯಾವ ಹುಡುಗನಿಗೂ ಹೇಳಿಲ್ಲ.

ಹನ್ನೆರಡರಿಂದ ಹದಿನೈದು ವರ್ಷದೊಳಗೆ ಹುಡುಗರ ಗಂಟಲಿನ ಪೆಟ್ಟಿಗೆ ಬೆಳೆಯುತ್ತದೆ. ದನಿಯ ತಂತುಗಳು ಉದ್ದವಾಗುತ್ತವೆ, ದಪ್ಪವಾಗುತ್ತವೆ. ಕೊನೆಗೆ ದನಿ ಸುಮಾರು ಒಂದು ಸಪ್ತಕ ಕೆಳಗೆ ಇಳಿದು ನಿಲ್ಲುತ್ತದೆ. ಅಮೆರಿಕದ ಜಾನ್ ಕುಕ್ಸಿ ಎಂಬವರು 1970ರ ದಶಕದಲ್ಲಿ ಈ ಬದಲಾವಣೆಯನ್ನು ಹಂತ ಹಂತವಾಗಿ ವಿಂಗಡಿಸಿ ತೋರಿಸಿದರು. ನಡುವಿನ ಹಂತದಲ್ಲಿ ಹುಡುಗನ ಕೈಗೆ ಸಿಗುವ ಸ್ವರಗಳು ತೀರ ಕಡಿಮೆ. ಕಡಿಮೆ ಎಂದರೆ ಇಲ್ಲ ಎಂದಲ್ಲ. ಐದು ಸ್ವರ ಗಟ್ಟಿಯಾಗಿ ಇದ್ದರೆ ಅವನಿಗೆ ಒಂದು ಸಾಲು ಬರೆಯಬಹುದು. ಮುಖ್ಯ ರಾಗವನ್ನು ಅವನಿಂದ ಹಾಡಿಸಲು ಹೋಗುವುದೇ ತಪ್ಪು. ಅದು ಅವನಿಗೆ ಒಂದು ಕಡೆ ಜಾಸ್ತಿ ಮೇಲೆ, ಒಂದು ಸಪ್ತಕ ಇಳಿಸಿದರೆ ಜಾಸ್ತಿ ಕೆಳಗೆ.

ಆ ಐದು ಸ್ವರ ಹುಡುಕುವುದು ಹೇಗೆ? “ಸ ರಿ ಗ ಮ ಹಾಡು” ಎಂದರೆ ಅವನು ನಾಚಿಕೊಳ್ಳುತ್ತಾನೆ, ದನಿ ಇನ್ನೂ ಒಡೆಯುತ್ತದೆ. ನಾನು ಹುಡುಗರನ್ನು ಒಬ್ಬೊಬ್ಬರಾಗಿ ಜಗಲಿಗೆ ಕರೆದುಕೊಂಡು ಹೋಗಿ, “ಅಡಕೆ ತೋಟದ ಆಚೆ ಇರುವ ನಿನ್ನ ಅಪ್ಪನನ್ನು ಊಟಕ್ಕೆ ಕರಿ ನೋಡುವಾ” ಎನ್ನುತ್ತೇನೆ. “ಓ...” ಎಂದು ಉದ್ದಕ್ಕೆ ಕರೆಯುತ್ತಾನೆ. ಆ “ಓ” ಎಲ್ಲಿ ನಿಂತಿತೋ ಅದನ್ನು ಕೀಬೋರ್ಡಿನಲ್ಲಿ ಹುಡುಕಿ. ಅಲ್ಲಿಂದ ಎರಡು ಸ್ವರ ಮೇಲೆ, ಎರಡು ಸ್ವರ ಕೆಳಗೆ. ನನ್ನ ಅನುಭವದಲ್ಲಿ ದನಿ ಒಡೆಯುತ್ತಿರುವ ಹುಡುಗರಲ್ಲಿ ಜಾಸ್ತಿ ಜನ ಕೆಳಗಿನ ಬಿಳಿ ಐದರಿಂದ ಮಧ್ಯದ ಬಿಳಿ ಎರಡರವರೆಗೆ ಆರಾಮವಾಗಿ ಹಾಡುತ್ತಾರೆ.

ಬಿಳಿ ಒಂದು, ಕಪ್ಪು ಒಂದು ಎಂಬ ಲೆಕ್ಕ ನಿಮಗೆ ಗೊತ್ತಿರಬಹುದು. ಎರಡು ಕಪ್ಪು ಕೀಗಳ ಗುಂಪಿನ ಎಡಕ್ಕೆ ಇರುವ ಬಿಳಿ ಕೀ ಬಿಳಿ ಒಂದು, ಅಲ್ಲಿಂದ ಬಲಕ್ಕೆ ಬಿಳಿ ಎರಡು, ಮೂರು ಎಂದು ಏಳರವರೆಗೆ. ನಮ್ಮ ಯಕ್ಷಗಾನದವರು ಶ್ರುತಿ ಹೇಳುವುದು ಹಾಗೇ ಅಲ್ವಾ. ಇಲ್ಲಿಯೂ ಅದನ್ನೇ ಬಳಸುತ್ತೇನೆ. 61 ಕೀಗಳ ಕೀಬೋರ್ಡಾದರೆ ಎಡದಿಂದ ಮೂರನೇ ಬಿಳಿ ಒಂದೇ ಮಧ್ಯದ ಬಿಳಿ ಒಂದು. ಹಾರ್ಮೋನಿಯಂನಲ್ಲಿ ಎರಡು ಸಾಲು ರೀಡ್ ಒಟ್ಟಿಗೆ ನುಡಿಯುತ್ತಿದ್ದರೆ ಯಾವ ಸಪ್ತಕ ಎಂದು ಗೊಂದಲವಾಗುತ್ತದೆ, ಒಂದು ಸ್ಟಾಪ್ ಮುಚ್ಚಿ ನೋಡಿ.

ಇನ್ನು ಕಿರುಚುವ ಪಲ್ಲವಿ, ಕೇಳದ ಚರಣ. ಇದು ನಿಮ್ಮ ಮಕ್ಕಳ ತಪ್ಪಲ್ಲ, ನಿಮ್ಮದೂ ಅಲ್ಲ. ಹಾಡು ತಯಾರಾದ ರೀತಿಯೇ ಹಾಗೆ. ಸ್ಟುಡಿಯೋದಲ್ಲಿ ಗಾಯಕ ಮೈಕಿಗೆ ತುಟಿ ತಾಗುವಷ್ಟು ಹತ್ತಿರ ನಿಂತು ಚರಣವನ್ನು ಪಿಸುಮಾತಿನ ಹಾಗೆ ಹಾಡುತ್ತಾನೆ. ಆಮೇಲೆ ಯಂತ್ರದಲ್ಲಿ ಸಣ್ಣ ದನಿಯನ್ನು ಎತ್ತುತ್ತಾರೆ, ದೊಡ್ಡ ದನಿಯನ್ನು ಒತ್ತುತ್ತಾರೆ. ಕೇಳುವವನಿಗೆ ಪಿಸುಮಾತೂ ಕೂಗೂ ಸರಿಸಮ ಕೇಳುತ್ತವೆ. ಪಲ್ಲವಿಗೆ ಬಂದಾಗ ಗಾಯಕ ತನ್ನ ದನಿಯ ತುತ್ತತುದಿಗೆ ಹೋಗುತ್ತಾನೆ, ಆ ಒತ್ತಡವೇ ಹಾಡಿನ ಸೊಗಸು. ನಿಮ್ಮ ಶಾಲೆಯ ಹಾಲ್‌ನಲ್ಲಿ ಈ ಯಾವ ಅನುಕೂಲವೂ ಇಲ್ಲ. ಅವನು ಪಿಸುಗುಟ್ಟಿದ ಕಡೆ ಮಕ್ಕಳ ದನಿ ನೆಲಕ್ಕೆ ತಾಗುತ್ತದೆ, ಅವನು ಕೂಗಿದ ಕಡೆ ಇವರು ಚೀರುತ್ತಾರೆ.

ಅದಕ್ಕೆ ಒಂದು ಹಾಳೆಯಲ್ಲಿ ಎರಡೇ ಸ್ವರ ಬರೆದುಕೊಳ್ಳಿ: ಹಾಡಿನ ಅತಿ ಮೇಲಿನ ಸ್ವರ ಮತ್ತು ಅತಿ ಕೆಳಗಿನ ಸ್ವರ. ಈ ವಯಸ್ಸಿನ ಮಕ್ಕಳು ಗುಂಪಿನಲ್ಲಿ ಆರಾಮವಾಗಿ ಹಾಡುವುದು ಮಧ್ಯದ ಬಿಳಿ ಒಂದರಿಂದ ಮೇಲಿನ ಬಿಳಿ ಎರಡರವರೆಗೆ, ಒಟ್ಟು ಒಂಬತ್ತು ಸ್ವರ. ಪಲ್ಲವಿಯಲ್ಲಿ ಮತ್ತೆ ಮತ್ತೆ ಬರುವ ಎತ್ತರದ ಸ್ವರವನ್ನು ಮೇಲಿನ ಬಿಳಿ ಒಂದರ ಆಸುಪಾಸಿಗೆ ತನ್ನಿ. ಒಂದೇ ಸಲ ಮುಟ್ಟಿ ಬರುವ ಸ್ವರ ಬಿಳಿ ಎರಡಕ್ಕೆ ಹೋದರೂ ತೊಂದರೆಯಿಲ್ಲ. ಹೀಗೆ ಶ್ರುತಿ ಬದಲಿಸಿದಾಗ ಚರಣ ಪಾತಾಳಕ್ಕೆ ಹೋಯಿತೋ? ಆಗ ಚರಣವನ್ನು ಎಲ್ಲರಿಗೂ ಕೊಡಬೇಡಿ. ದನಿ ಸ್ವಲ್ಪ ತಗ್ಗಿರುವ ಐದಾರು ಮಕ್ಕಳನ್ನು ಮೈಕಿನ ಹತ್ತಿರ ನಿಲ್ಲಿಸಿ, ಅವರು ಮಾತ್ರ ಹಾಡಲಿ. ಅಥವಾ ಕೆಳಗೆ ಬೀಳುವ ಎರಡು ಮೂರು ಸ್ವರಗಳನ್ನು ಮೇಲಕ್ಕೆ ತಿರುಗಿಸಿ ಬರೆಯಿರಿ. ಹಾಡು ಕೆಡುತ್ತದೆ ಎಂದು ಹೆದರಬೇಡಿ. ಪದದ ಮೊದಲ ಸ್ವರ ಮತ್ತು ಸಾಲಿನ ಕೊನೆಯ ಸ್ವರ ಹಾಗೇ ಇದ್ದರೆ ಕೇಳುವವರು ಹಾಡನ್ನು ಗುರುತಿಸುತ್ತಾರೆ.

ಕರೋಕೆ ಟ್ರ್ಯಾಕ್‌ನ ಶ್ರುತಿಯನ್ನು ಮೊಬೈಲಿನಲ್ಲೇ ಬದಲಿಸುವ ಆಪ್‌ಗಳಿವೆ. ಮೂರು ನಾಲ್ಕು ಕೀಗಿಂತ ಜಾಸ್ತಿ ಏರಿಸಿದರೆ ಅಥವಾ ಇಳಿಸಿದರೆ ವಾದ್ಯಗಳ ದನಿ ವಿಚಿತ್ರವಾಗಿ ಕೇಳುತ್ತದೆ. ನನ್ನ ಅಭಿಪ್ರಾಯ ಕೇಳಿದರೆ ಟ್ರ್ಯಾಕ್ ಬಿಟ್ಟೇಬಿಡಿ. ಟ್ರ್ಯಾಕ್ ಮಕ್ಕಳ ಉಸಿರಿಗೆ ಕಾಯುವುದಿಲ್ಲ. ಹಾರ್ಮೋನಿಯಂ ಹಿಡಿದ ಟೀಚರ್ ಕಾಯುತ್ತಾರೆ.

ಈಗ ಎರಡನೇ ದನಿ. ನಿಮ್ಮ ಪ್ರಶ್ನೆಯ ತಿರುಳು ಇದೇ.

ನಾನು ಮೊದಲ ಬಾರಿಗೆ ಒಂದು ಸಿನಿಮಾ ಹಾಡನ್ನು ಮೂರು ದನಿಗೆ ಬರೆದಾಗ ಆದದ್ದೂ ನಿಮ್ಮದೇ ಕಥೆ. ಮಂಗಳೂರಿನ ಬಾಸೆಲ್ ಮಿಶನ್ ಪರಂಪರೆಯ ಚರ್ಚುಗಳಲ್ಲಿ ನಾಲ್ಕು ದನಿಯ ಹಾಡುಗಳನ್ನು ಕೇಳಿ ಹುಚ್ಚು ಹಿಡಿದಿತ್ತು. ಪುಸ್ತಕ ನೋಡಿ ಕಾರ್ಡ್, ಅಂದರೆ ಒಟ್ಟಿಗೆ ನುಡಿಯುವ ಸ್ವರಗಳ ಗುಂಪು ಕಟ್ಟುವುದನ್ನು, ಕಲಿತೆ. ಮುಖ್ಯ ರಾಗ ಬರೆದು, ಕಾರ್ಡ್‌ನಲ್ಲಿ ಉಳಿದ ಸ್ವರಗಳನ್ನು ಎರಡನೇ, ಮೂರನೇ ದನಿಗೆ ಹಂಚಿದೆ. ಕಾಗದದಲ್ಲಿ ಒಂದೂ ತಪ್ಪಿರಲಿಲ್ಲ. ವಾರ್ಷಿಕೋತ್ಸವದ ದಿನ ಮೊದಲ ಸಾಲು ನಿಂತಿತು. ಎರಡನೇ ಸಾಲಿಗೆ ಮೂರನೇ ದನಿಯವರು ಮುಖ್ಯ ರಾಗಕ್ಕೆ ಜಾರಿದರು. ಪಲ್ಲವಿ ಎರಡನೇ ಸಲ ಬರುವಾಗ ಇಡೀ ತಂಡ ಒಂದೇ ದನಿ. ಮುಂದಿನ ಸಾಲಿನ ಒಬ್ಬಳು ಹುಡುಗಿ ಮಾತ್ರ ಕಣ್ಣು ಮುಚ್ಚಿ ತನ್ನ ಸಾಲನ್ನು ಹಿಡಿದು ಹಾಡುತ್ತಲೇ ಇದ್ದಳು. ಮುಗಿದ ಮೇಲೆ ಅವಳು ಅತ್ತಳು, ತಪ್ಪಿದ್ದು ತಾನೇ ಎಂದುಕೊಂಡು.

ಅವತ್ತು ರಾತ್ರಿ ಆ ಎರಡನೇ ದನಿಯನ್ನು ನಾನೊಬ್ಬನೇ ಹಾಡಿ ನೋಡಿದೆ. ಪ ಪ ಪ ಮ ಪ, ಪ ಪ ಮ ಮ ಪ. ಅದರಲ್ಲಿ ಹಾಡುವಂಥದ್ದು ಏನೂ ಇರಲಿಲ್ಲ. ತಲೆಯೂ ಇಲ್ಲ, ಬಾಲವೂ ಇಲ್ಲ. ಮಗು ಅದನ್ನು ಬಿಟ್ಟು ಚಂದದ ರಾಗದ ಕಡೆ ಹೋಗದೆ ಇನ್ನೇನು ಮಾಡೀತು? ಅಂದಿನಿಂದ ಒಂದು ನಿಯಮ ಇಟ್ಟುಕೊಂಡಿದ್ದೇನೆ. ಎರಡನೇ ದನಿ ಬರೆದ ಮೇಲೆ ಅದನ್ನು ಮಾತ್ರ, ಮುಖ್ಯ ರಾಗವಿಲ್ಲದೆ, ಸ್ನಾನ ಮಾಡುವಾಗ ಹಾಡಿ ನೋಡುತ್ತೇನೆ. ಹಾಡಬೇಕು ಎನಿಸದಿದ್ದರೆ ಹರಿದು ಹಾಕಿ ಮತ್ತೆ ಬರೆಯುತ್ತೇನೆ.

ಒಂದು ಉದಾಹರಣೆ ಬಿಡಿಸಿ ತೋರಿಸುತ್ತೇನೆ. ಈಗಿನ ಎಷ್ಟೋ ಪಾಪ್ ಹಾಡುಗಳ ಪಲ್ಲವಿ ನಾಲ್ಕೇ ಕಾರ್ಡ್‌ಗಳ ಮೇಲೆ ಸುತ್ತುತ್ತದೆ. ನಮ್ಮ ಸ್ವರದಲ್ಲಿ ಹೇಳುವುದಾದರೆ ಮೊದಲನೆಯದು ಸ-ಗ-ಪ, ಎರಡನೆಯದು ಪ-ನಿ-ರಿ, ಮೂರನೆಯದು ದ-ಸ-ಗ, ನಾಲ್ಕನೆಯದು ಮ-ದ-ಸ. ಸ್ವರಗಳೆಲ್ಲ ಶಂಕರಾಭರಣದವು. ಇದರ ಮೇಲೆ ನಾನೇ ಒಂದು ಸಣ್ಣ ಪಲ್ಲವಿ ಕಟ್ಟಿದ್ದೇನೆ, ಒಂದೊಂದು ಕಾರ್ಡ್‌ಗೆ ನಾಲ್ಕು ಎಣಿಕೆ:

ಪ ಪ ಗ ಪ | ಪ – ರಿ – | ದ ದ ಸ ದ | ದ – ಪ ಮ

ಗೆರೆ ಇದ್ದಲ್ಲಿ ಹಿಂದಿನ ಸ್ವರವನ್ನೇ ಎಳೆಯಬೇಕು. ಮೂರನೇ ತುಂಡಿನ ಸ ಮೇಲಿನದು. ಇದಕ್ಕೆ ಎರಡನೇ ದನಿ:

ಗ – – – | ರಿ – – – | ಸ – – – | ಸ – – ರಿ

ಹಾಡಿ ನೋಡಿ. ಗ ರಿ ಸ, ಇದು ಸರಳೆ ಕಲಿಯದ ಮಗುವಿನ ಬಾಯಲ್ಲೂ ನಿಲ್ಲುತ್ತದೆ. ಒಂದೊಂದೇ ಮೆಟ್ಟಿಲು ಇಳಿಯುತ್ತದೆ, ಮನೆಗೆ ಮುಟ್ಟುತ್ತದೆ, ಕೊನೆಯ ಎಣಿಕೆಯಲ್ಲಿ ರಿ ಮುಟ್ಟಿ ಮತ್ತೆ ಗ ಕ್ಕೆ ಹತ್ತಿಕೊಳ್ಳುತ್ತದೆ. ಮುಖ್ಯ ರಾಗ ಓಡುವಾಗ ಇದು ನಿಧಾನ ನಡೆಯುತ್ತದೆ. ಒಂದು ಓಡುತ್ತಿದ್ದು ಇನ್ನೊಂದು ನಡೆಯುತ್ತಿದ್ದರೆ ಮಕ್ಕಳು ದಾರಿ ತಪ್ಪುವುದು ಕಡಿಮೆ. ಎರಡೂ ಒಟ್ಟಿಗೆ ಓಡಿದರೆ ಒಂದು ಇನ್ನೊಂದನ್ನು ಎಳೆದುಕೊಂಡು ಹೋಗುತ್ತದೆ. ನೀವು ಮಾಡಿದ್ದು ಬಹುಶಃ ಇಂಥದ್ದೇ, ಮುಖ್ಯ ರಾಗದ ಕೆಳಗೆ ಅದೇ ಓಟದಲ್ಲಿ ಇನ್ನೊಂದು ಸಾಲು. ಅದು ಪಳಗಿದ ಗಾಯಕರ ಕೆಲಸ.

ಇನ್ನು ನಿಮ್ಮ ನಾಲ್ಕು ಹುಡುಗರಿಗೆ:

ಪ – – – | ಪ – – – | ದ – – – | ದ – – –

ಇದು ಕೆಳಗಿನ ಪ, ಕೆಳಗಿನ ದ. ಬಿಳಿ ಎರಡನ್ನು ಸ ಎಂದು ಇಟ್ಟುಕೊಂಡರೆ ಇವು ಕೆಳಗಿನ ಬಿಳಿ ಆರು ಮತ್ತು ಬಿಳಿ ಏಳು. ಆ ಹುಡುಗರ ಐದು ಸ್ವರಗಳ ಒಳಗೇ ಬಂತಲ್ಲ? ಎರಡೇ ಸ್ವರ. ಆದರೆ ದ ಕ್ಕೆ ಏರುವ ಆ ಕ್ಷಣದಲ್ಲಿ ಇಡೀ ಹಾಡಿನ ಬಣ್ಣ ಬದಲಾಗುತ್ತದೆ. ಅದನ್ನು ಮಾಡುವವರು ತಾವು ಎಂದು ಹುಡುಗರಿಗೆ ಹೇಳಿ, ಹಾರ್ಮೋನಿಯಂ ನಿಲ್ಲಿಸಿ ಕೇಳಿಸಿ. ಅವರ ಬೆನ್ನು ನೆಟ್ಟಗಾಗುವುದನ್ನು ನೀವೇ ನೋಡುತ್ತೀರಿ. ಹಾಡಿನಲ್ಲಿ ಮಾತು ಬೇಡ, “ಊ” ಸಾಕು. ಅಥವಾ ಪಲ್ಲವಿಯ ಒಂದೇ ಪದವನ್ನು ಉದ್ದಕ್ಕೆ ಎಳೆಯಲಿ. ಹಾರ್ಮೋನಿಯಂನಲ್ಲಿ ನೀವು ಒತ್ತಬೇಕಾದದ್ದು ಕೆಳಗಿನ ಸ, ಪ, ದ, ಮ. ಅಷ್ಟರಲ್ಲಿ ಕಾರ್ಡ್‌ನ ಬಣ್ಣ ಕಿವಿಗೆ ಸಿಗುತ್ತದೆ.

ಕೆಲವು ಹಾಡುಗಳಲ್ಲಿ ಇದೇ ನಾಲ್ಕು ಕಾರ್ಡ್ ದ-ಸ-ಗ ದಿಂದ ಶುರುವಾಗುತ್ತವೆ, ಆಮೇಲೆ ಮ-ದ-ಸ, ಸ-ಗ-ಪ, ಪ-ನಿ-ರಿ. ಸ್ವಲ್ಪ ಬೇಸರದ ಛಾಯೆಯ ಹಾಡುಗಳು ಹೀಗಿರುತ್ತವೆ. ಆಗ ಎರಡನೇ ದನಿಯೂ ಅದೇ ಸರದ ಬೇರೆ ಮಣಿಯಿಂದ ಶುರು: ಸ, ಸ, ಗ, ರಿ. ಹುಡುಗರದ್ದು ದ, ದ, ಪ, ಪ. ನಿಮ್ಮ ಹಾಡಿಗೆ ಇದು ಹೊಂದುತ್ತದೋ ಇಲ್ಲವೋ ಎಂದು ತಿಳಿಯಲು ರೆಕಾರ್ಡಿಂಗ್ ಹಾಕಿಕೊಂಡು ನಿಧಾನವಾಗಿ ಗ ರಿ ಸ ಸ ಹಾಡಿ. ಹೊಂದದಿದ್ದರೆ ಕಿವಿಗೆ ಕೂಡಲೇ ಕಲ್ಲು ಕಚ್ಚಿದ ಹಾಗಾಗುತ್ತದೆ.

ಎಲ್ಲ ಹಾಡೂ ಹೀಗಿಲ್ಲ. ಒಂದು ರಾಗವನ್ನು ಗಟ್ಟಿಯಾಗಿ ಹಿಡಿದ ಹಾಡಿಗೆ ಕಾರ್ಡ್ ಹೇರಬೇಡಿ. ರಾಗದಲ್ಲಿಲ್ಲದ ಸ್ವರ ಎರಡನೇ ದನಿಯಲ್ಲಿ ಬಂದರೆ ನಮ್ಮ ಕಿವಿ ಒಪ್ಪುವುದಿಲ್ಲ. ಅಂಥ ಕಡೆ ಒಂದು ಗುಂಪು ಸ-ಪ ಹಿಡಿದು ತಂಬೂರಿಯ ಹಾಗೆ ನಿಲ್ಲಲಿ. ಮೋಹನ ರಾಗದ ನೆರಳಿನ ಹಾಡಾದರೆ ಇನ್ನೂ ಸುಲಭದ ದಾರಿಯಿದೆ. ಸ ರಿ ಗ ಪ ದ, ಈ ಐದು ಸ್ವರಗಳಲ್ಲಿ ಯಾವುದು ಯಾವುದರ ಮೇಲೆ ಬಿದ್ದರೂ ಜಾಸ್ತಿ ಘರ್ಷಣೆ ಇಲ್ಲ. ಒಂದು ಗುಂಪು ಹಾಡು ಶುರು ಮಾಡಿ ಒಂದು ಆವರ್ತ ಆದ ಮೇಲೆ ಇನ್ನೊಂದು ಗುಂಪು ಅದೇ ಸಾಲನ್ನು ಶುರು ಮಾಡಲಿ. ಹೊಸದಾಗಿ ಒಂದು ಸ್ವರವನ್ನೂ ಬರೆಯದೆ ಎರಡು ದನಿ ಸಿಕ್ಕಿತು.

ನಮ್ಮ ಹಾಡುಗಳಿಗೆ ಹಲವು ದನಿ ಒಗ್ಗುವುದಿಲ್ಲ ಎನ್ನುವವರು ನಿಮಗೂ ಸಿಗುತ್ತಾರೆ. ಅವರಿಗೆ ಇದನ್ನು ಹೇಳಿ: ಸಂಗೀತ ನಿರ್ದೇಶಕ ಸಲಿಲ್ ಚೌಧರಿ 1958ರಲ್ಲಿ ಬಾಂಬೆ ಯೂತ್ ಕ್ವಾಯರ್ ಎಂಬ ಹಲವು ದನಿಯ ಗಾಯನ ತಂಡ ಕಟ್ಟಿದರು. ಮಲಯಾಳಂ, ಕನ್ನಡ ಸಿನಿಮಾಗಳಿಗೂ ಸಂಗೀತ ಕೊಟ್ಟವರು ಅವರು. ಮಲಯಾಳಂ ಸಿನಿಮಾದ ಇನ್ನೊಬ್ಬ ದೊಡ್ಡ ಸಂಗೀತ ನಿರ್ದೇಶಕ ಎಂ.ಬಿ. ಶ್ರೀನಿವಾಸನ್ ಮದ್ರಾಸ್ ಯೂತ್ ಕ್ವಾಯರ್ ಬೆಳೆಸಿದರು, ಶಾಲೆಯ ಮಕ್ಕಳಿಗೆ ಸಮೂಹ ಗಾಯನ ಕಲಿಸಲು ಊರೂರು ಸುತ್ತಿದರು. ನಮ್ಮ ಭಾಷೆಯ ಹಾಡು, ನಮ್ಮ ರಾಗದ ಎಳೆ, ಜೊತೆಗೆ ಹಲವು ದನಿ. ಕೇಳಿದವರಿಗೆ ಅದು ಪರಕೀಯ ಎನಿಸಲಿಲ್ಲ.

ಕಲಿಸುವ ಕ್ರಮದಲ್ಲಿ ಒಂದು ಬದಲಾವಣೆ ಮಾಡಿ. ನೀವು ಮೊದಲು ಹಾಡು ಕಲಿಸಿ, ಅದು ಗಟ್ಟಿಯಾದ ಮೇಲೆ ಎರಡನೇ ದನಿ ಕಲಿಸಿದ್ದೀರಿ ಎಂದು ನನ್ನ ಊಹೆ. ತಿರುಗಿಸಿ. ಮೊದಲ ದಿನ 28 ಮಕ್ಕಳಿಗೂ ಎರಡನೇ ದನಿಯನ್ನೇ ಹಾಡೆಂದು ಕಲಿಸಿ. ಎರಡನೇ ದಿನ ಹುಡುಗರ ಸಾಲನ್ನೂ ಎಲ್ಲರಿಗೂ. ಮೂರನೇ ದಿನ ನೀವೊಬ್ಬರೇ ಮುಖ್ಯ ರಾಗ ಹಾಡಿ, ಅವರು ಕೆಳಗಿನದು ಹಾಡಲಿ. ಮುಖ್ಯ ರಾಗ ಅವರಿಗೆ ಮೊದಲೇ ಬರುತ್ತದೆ, ಮೊಬೈಲಿನಲ್ಲಿ ನೂರು ಸಲ ಕೇಳಿದ್ದಾರೆ. ಅದನ್ನು ಕಲಿಸುವ ಕೆಲಸವೇ ಇಲ್ಲ.

ಬೋರ್ಡಿನ ಮೇಲೆ ಸರಿಗಮದಲ್ಲೇ ಬರೆಯಿರಿ, ಪಾಶ್ಚಾತ್ಯರ ಐದು ಗೆರೆಯ ಸ್ಟಾಫ್ ನೊಟೇಶನ್‌ಗೆ ಅವಸರವಿಲ್ಲ. ಒಂದೊಂದು ದನಿಯನ್ನು ನೀವೇ ಹಾಡಿ ಮೊಬೈಲಿನಲ್ಲಿ ಬೇರೆ ಬೇರೆಯಾಗಿ ರೆಕಾರ್ಡ್ ಮಾಡಿ ಪೋಷಕರ ವಾಟ್ಸಾಪ್ ಗುಂಪಿಗೆ ಕಳಿಸಿ. ಮಧ್ಯಾಹ್ನದ ಬಿಡುವಿನಲ್ಲಿ 25 ನಿಮಿಷ ಸಿಕ್ಕರೆ ಸಾಕು, ದಿನವೂ ಸಿಗಬೇಕು ಅಷ್ಟೇ.

ತಾಳದ ಒಂದು ತೊಂದರೆ ಇದೆ. ಪಾಪ್ ಗಾಯಕ ಪದವನ್ನು ಪೆಟ್ಟಿನ ಮೇಲೆ ಹಾಕುವುದಿಲ್ಲ. ಅರ್ಧ ಎಣಿಕೆ ಮೊದಲೇ ಎತ್ತುತ್ತಾನೆ, ಅಥವಾ ಸ್ವಲ್ಪ ತಡವಾಗಿ ಬಿಡುತ್ತಾನೆ. ಪ್ರತಿ ಚರಣದಲ್ಲೂ ಬೇರೆ ಬೇರೆ. ಒಬ್ಬನೇ ಹಾಡುವಾಗ ಅದು ಲವಲವಿಕೆ. 28 ಜನ ಹಾಡಿದರೆ ಅವಲಕ್ಕಿ ಚೆಲ್ಲಿದ ಹಾಗೆ. ಎಲ್ಲ ಚರಣಕ್ಕೂ ಒಂದೇ ಎತ್ತುಗಡೆ ನಿಶ್ಚಯಿಸಿ ಬರೆಯಿರಿ. ಸ್ವರ ಬಿಟ್ಟು ಬರೀ ಮಾತನ್ನು ಕೈತಾಳ ಹಾಕಿ ಹೇಳಿಸಿ. ನಿಮ್ಮ ತಂಡದಲ್ಲಿ ಚೆಂಡೆಯೋ ಮದ್ದಳೆಯೋ ಕಲಿಯುವ ಮಕ್ಕಳು ಇದ್ದೇ ಇರುತ್ತಾರೆ, ನಮ್ಮ ಕಡೆ ಇಲ್ಲದ ಶಾಲೆ ಉಂಟಾ? ಪೆಟ್ಟಿಗೆ ಮೊದಲು ಬರುವ ಅರ್ಧ ಎಣಿಕೆ ಅವರಿಗೆ ಕೂಡಲೇ ಹಿಡಿಯುತ್ತದೆ. ಒಂದೊಂದು ಸಾಲಿನಲ್ಲಿ ಅಂಥ ಒಬ್ಬನನ್ನು ನಿಲ್ಲಿಸಿ. ಗಾಯಕನ ಜಾರು, ಗಿರಕಿಗಳನ್ನು ಗುಂಪಿನಿಂದ ತೆಗೆಯಿರಿ. ತೀರ ಬೇಕೆನಿಸಿದರೆ ಒಬ್ಬ ಮಗು ಹಾಡಲಿ.

ಹಾಡಿನ ನಡುವೆ ಬರುವ ಗಿಟಾರಿನ ತುಣುಕನ್ನು ಬಿಟ್ಟುಬಿಡುತ್ತಾರೆ ತುಂಬ ಜನ. ಬಿಡಬೇಡಿ. ಕೇಳುಗರು ಹಾಡನ್ನು ಗುರುತಿಸುವುದು ಎಷ್ಟೋ ಸಲ ಆ ತುಣುಕಿನಿಂದಲೇ. ಮಕ್ಕಳು ಅದನ್ನು “ದೂ ದೂ” ಎಂದೋ “ನ ನ” ಎಂದೋ ಹಾಡಲಿ. ಡ್ರಮ್ಮಿನ ಬದಲು ಒಣಗಿದ ಅಡಕೆ ಹಾಳೆಯನ್ನು ಕೋಲಿನಿಂದ ತಟ್ಟಿಸಿ ನೋಡಿ. ಗಟ್ಟಿಯಾದ, ಸಣ್ಣ, ಒಣ ಸದ್ದು. ಮಕ್ಕಳ ದನಿಯನ್ನು ಮುಚ್ಚುವುದಿಲ್ಲ. ಒಟ್ಟು ಹಾಡು ಮೂರು ನಿಮಿಷ ಮೀರದಿರಲಿ. ಎರಡನೇ ಸಲದ ವಾದ್ಯದ ಭಾಗ, ಮೂರನೇ ಸಲದ ಪಲ್ಲವಿ ಕತ್ತರಿಸಿ.

ಕಾಸರಗೋಡಿನ ಮಕ್ಕಳ ಬಾಯಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಿಮ್ಮ 28 ಮಕ್ಕಳಲ್ಲಿ ಮನೆಯಲ್ಲಿ ತುಳು ಆಡುವವರು, ಮಲಯಾಳಂ ಆಡುವವರು, ಹವ್ಯಕರು, ಕೊಂಕಣಿಯವರು, ಮರಾಟಿಯವರು ಇದ್ದಾರು. ಕನ್ನಡದ “ಕಾಡು”, “ಹಾಡು” ಪದಗಳನ್ನು ಹೇಳಿಸಿ, ಕೊನೆಯ ಉಕಾರವನ್ನು ಕೇಳಿ. ತುಳುವಿನಲ್ಲಿ, ಮಲಯಾಳಂನಲ್ಲಿ ಪದದ ಕೊನೆಗೆ ತುಟಿ ದುಂಡಗೆ ಮಾಡದ ಒಂದು ಅರೆ ಉಕಾರ ಇದೆ. ಮಾತಿನಲ್ಲಿ ಅದು ತೊಂದರೆಯಲ್ಲ, ಚಂದವೇ. ಆದರೆ ಆ ಉಕಾರವನ್ನು ನಾಲ್ಕು ಎಣಿಕೆ ಎಳೆಯುವಾಗ ಅರ್ಧ ಜನ ದುಂಡಗೆ, ಅರ್ಧ ಜನ ಚಪ್ಪಟೆಯಾಗಿ ಹಾಡಿದರೆ ಶ್ರುತಿ ಸರಿಯಿದ್ದರೂ ಅಪಶ್ರುತಿಯ ಹಾಗೆ ಕೇಳುತ್ತದೆ. “ಶ್ರುತಿ ಸೇರುತ್ತಿಲ್ಲ” ಎಂದು ನಾವು ಬೈಯುವ ಎಷ್ಟೋ ಕಡೆ ಸೇರದೆ ಇರುವುದು ಸ್ವರಾಕ್ಷರ. ಎಲ್ಲರೂ ತುಟಿಯನ್ನು ಒಂದೇ ಆಕಾರಕ್ಕೆ ತರಲಿ, ಎದುರುಬದುರು ನಿಂತು ಒಬ್ಬರ ಬಾಯಿ ಒಬ್ಬರು ನೋಡಿಕೊಂಡು ಹಾಡಲಿ. ಹತ್ತು ನಿಮಿಷದಲ್ಲಿ ವ್ಯತ್ಯಾಸ ಕೇಳುತ್ತದೆ. ಮಲಯಾಳಂ ಹಾಡು ಎತ್ತಿಕೊಂಡರೆ ಇದನ್ನೇ ತಿರುಗಿಸಿ. ಅಲ್ಲಿನ ಅರೆ ಉಕಾರವನ್ನು ಕನ್ನಡದ ಮಕ್ಕಳು ದುಂಡಗೆ ಮಾಡದಂತೆ ನೋಡಿ, ಅದನ್ನು ಎಳೆಯದೆ ಅದರ ಹಿಂದಿನ ಅಕ್ಷರವನ್ನೇ ಎಳೆಯಿರಿ.

ವೇದಿಕೆಯಲ್ಲಿ ಮುಂದಿನ ಮೂವರ ಕೈಗೆ ಮೈಕ್ ಕೊಟ್ಟರೆ ಕೇಳುವುದು ಮೂವರದೇ. ಎರಡು ಸ್ಟ್ಯಾಂಡ್ ಮೈಕ್ ಇಡಿಸಿ, ಮಕ್ಕಳಿಂದ ನಾಲ್ಕೈದು ಅಡಿ ದೂರ, ಹಿಂದಿನ ಸಾಲಿನ ಬಾಯಿಯ ಎತ್ತರಕ್ಕೆ. ನಾಲ್ಕು ಹುಡುಗರು ನಡುವೆ ನಿಲ್ಲಲಿ, ಮೂಲೆಯಲ್ಲಿ ಬೇಡ. ಕೇರಳದ ಶಾಲಾ ಕಲೋತ್ಸವಕ್ಕೆ ಕಳಿಸುವ ಯೋಚನೆಯಿದ್ದರೆ ಮೊದಲು ಅಲ್ಲಿನ ಕೈಪಿಡಿ ಓದಿ. ಸಂಘಗಾನ ಎಂಬ ಗುಂಪು ಹಾಡಿನ ಸ್ಪರ್ಧೆಯಲ್ಲಿ ಎಷ್ಟು ಜನ, ಎಷ್ಟು ನಿಮಿಷ, ಯಾವ ಬಗೆಯ ಹಾಡು ಎಂಬುದಕ್ಕೆಲ್ಲ ಅಲ್ಲಿ ಬೇರೆಯೇ ನಿಯಮ. 28 ಮಕ್ಕಳ ಹೊಂದಾಣಿಕೆಯನ್ನು ಹಾಗೇ ಒಯ್ಯಲು ಆಗುವುದಿಲ್ಲ.

ಅನುಮತಿಯ ವಿಷಯ. 1957ರ ಕಾಪಿರೈಟ್ ಕಾಯ್ದೆಯ ಪ್ರಕಾರ ಒಂದು ಸಂಗೀತ ಕೃತಿಯನ್ನು ಬೇರೆ ರೀತಿಗೆ ಹೊಂದಿಸುವುದೂ ಹಕ್ಕುದಾರರ ಹಕ್ಕಿನೊಳಗೆ ಬರುತ್ತದೆ. ಅದೇ ಕಾಯ್ದೆಯ 52ನೇ ಸೆಕ್ಷನ್‌ನಲ್ಲಿ ಶಾಲೆಗಳಿಗೆ ಒಂದು ವಿನಾಯಿತಿ ಇದೆ. ಶಾಲೆಯ ಚಟುವಟಿಕೆಯ ಅಂಗವಾಗಿ ಶಿಕ್ಷಕರು, ಮಕ್ಕಳು ಹಾಡಿ, ಕೇಳುವವರು ಶಾಲೆಯವರು, ಪೋಷಕರು ಮತ್ತು ಆ ಚಟುವಟಿಕೆಗೆ ಸಂಬಂಧಪಟ್ಟವರು ಮಾತ್ರ ಆಗಿದ್ದರೆ ಆ ಪ್ರದರ್ಶನ ಹಕ್ಕಿನ ಉಲ್ಲಂಘನೆಯಲ್ಲ. ನಿಮ್ಮ ವಾರ್ಷಿಕೋತ್ಸವದ ಹಾಡು ಈ ವಿನಾಯಿತಿಯ ಒಳಗೆ ಬರುವಂಥದ್ದು. ಟಿಕೆಟ್ ಇಟ್ಟು ಊರಿಗೆಲ್ಲ ತೋರಿಸುವುದು, ವಿಡಿಯೋವನ್ನು ಯೂಟ್ಯೂಬ್‌ಗೆ ಹಾಕುವುದು, ಬರೆದ ಹೊಂದಾಣಿಕೆಯನ್ನು ಅಚ್ಚು ಮಾಡಿ ಮಾರುವುದು ಇದರಲ್ಲಿ ಸೇರುವುದಿಲ್ಲ. ಅದಕ್ಕೆಲ್ಲ ಹಾಡಿನ ಹಕ್ಕು ಇರುವ ಕಂಪನಿಯನ್ನು ಕೇಳಬೇಕು. ಸಾರ್ವಜನಿಕವಾಗಿ ಹಾಡುವ ಲೈಸೆನ್ಸ್ ಕೊಡುವ ಸಂಸ್ಥೆ ಐಪಿಆರ್‌ಎಸ್, ಹಾಡು ಬರೆದವರ ಮತ್ತು ಸಂಗೀತ ಮಾಡಿದವರ ಪರವಾಗಿ 1969ರಿಂದ ಇದೆ. ಹಾಡಿನ ಪದಗಳನ್ನು ಬದಲಿಸಿ ನಿಮ್ಮ ಕನ್ನಡ ಸಾಲು ಹಾಕುವುದಾದರೂ ಕೇಳಿಯೇ ಮಾಡಿ. ಬರೆದವರ ಬೆವರು ಅದು.

ಈ ತೊಂದರೆಯೇ ಇಲ್ಲದ ಒಂದು ದಾರಿಯೂ ಉಂಟು. ನಮ್ಮ ಮಂಜೇಶ್ವರದ ಗೋವಿಂದ ಪೈಯವರು ತೀರಿಕೊಂಡದ್ದು 1963ರಲ್ಲಿ. ಲೇಖಕರು ತೀರಿಕೊಂಡ ಮೇಲೆ 60 ವರ್ಷ ಹಕ್ಕು ಇರುತ್ತದೆ, ಅದರ ಎಣಿಕೆ ಮುಂದಿನ ವರ್ಷದ ಆರಂಭದಿಂದ. ಹಾಗಾಗಿ ಅವರು ಬದುಕಿದ್ದಾಗ ಪ್ರಕಟವಾದ ಕವಿತೆಗಳು 2024ರ ಜನವರಿ 1ರಿಂದ ಎಲ್ಲರವು. ಕಯ್ಯಾರ ಕಿಞ್ಞಣ್ಣ ರೈಗಳು ತೀರಿಕೊಂಡದ್ದು 2015ರಲ್ಲಿ, ಅವರ ಕವಿತೆಗಳಿಗೆ ಇನ್ನೂ ಅನುಮತಿ ಬೇಕು. ಪೈಯವರ ಒಂದು ಸಣ್ಣ ಕವಿತೆ ಎತ್ತಿಕೊಳ್ಳಿ. ಮೇಲೆ ಹೇಳಿದ ನಾಲ್ಕು ಕಾರ್ಡ್‌ಗಳನ್ನು ನೀವು ಬಾರಿಸಿ, ರಾಗ ಮಕ್ಕಳೇ ಕಟ್ಟಲಿ. ನಾನು ಒಂದು ಶಾಲೆಯಲ್ಲಿ ಮಾಡಿಸಿದ್ದೇನೆ. ಎಂಟನೇ ಕ್ಲಾಸಿನವರು ಕಟ್ಟಿದ ರಾಗ ಈಗಿನ ಸಿನಿಮಾ ಹಾಡಿನ ಹಾಗೇ ಇತ್ತು, ಪದ ಮಾತ್ರ ನೂರು ವರ್ಷ ಹಿಂದಿನದ್ದು. ಅವರ ಮನೆಯ ಅಜ್ಜಿಯಂದಿರೂ ಕೂತು ಕೇಳಿದರು.

ಈ ವಾರ ಆ ನಾಲ್ಕು ಹುಡುಗರ “ಓ” ಎಲ್ಲಿ ನಿಂತಿತು ಎಂದು ನೋಡಿ ಬರೆಯಿರಿ. ಜೊತೆಗೆ ನೀವು ಆರಿಸಿದ ಹಾಡಿನ ಮೇಲಿನ ಸ್ವರ, ಕೆಳಗಿನ ಸ್ವರ. ಅವರಿಗೆ ಒಂದು ಸಾಲು ನಾನು ಬರೆದು ಕಳಿಸುತ್ತೇನೆ, ನೀವು ಹಾಡಿಸಿ ನೋಡಿ ಹೇಳಿ.